ಬಾಂಡ್ ಎಣಿಸಿದ್ರೆ ಸದ್ದು ಸಿಗಲ್ಲ

ಬಿರುಕಿನ ಸದ್ದನ್ನ ಕಂಪ್ಯೂಟರಲ್ಲಿ ಲೆಕ್ಕ ಹಾಕ್ತೀನಿ ಅಂದ್ರೆ ಕಾರವಾರದ ಕಡೆ ಜನ ಮೊದ್ಲು ಕೇಳೋದೇ ಕೈಗಾ ಅಣು ಸ್ಥಾವರದ ಬಗ್ಗೆ, 1994ರಲ್ಲಿ ಕಟ್ತಾ ಇದ್ದ ಡೋಮಿನ ಕಾಂಕ್ರೀಟ್ ಕಳಚಿ ಬಿತ್ತಲ್ಲ, ಅದು ಮೊದ್ಲೇ ಕೇಳಿಸ್ತಿತ್ತಾ ಮಾರಾಯಾ ಅಂತ. ಸೆನ್ಸರ್ ಅಂಟಿಸಿಟ್ಟು ಕಾಯ್ತಾ ಇದ್ರೆ ಏನಾದ್ರೂ ಸಿಗ್ತಿತ್ತೇನೋ, ಬರೀ ಕಿವಿಗಂತೂ ಕಷ್ಟ, ನಮ್ಮ ಕಿವಿ 20 ಕಿಲೋಹರ್ಟ್ಸಿಗೇ ಮುಗೀತು, ಕಾಂಕ್ರೀಟು ಗ್ರಾನೈಟಿನ ಒಳಗೆ ಸಣ್ಣ ಬಿರುಕು ಬಿಟ್ಟಾಗ ಹೊರಡೋ ಅಲೆ ಹೆಚ್ಚಾಗಿ ಅದರ ಮೇಲೇ, ಮೆಗಾಹರ್ಟ್ಸ್ ತನಕ ಹೋಗುತ್ತೆ.

ನನ್ನ ತಕರಾರು ಬೇರೆ. ಕಂಪ್ಯೂಟರ್ ಮಾಡೆಲಲ್ಲಿ ಕಲ್ಲನ್ನ ಕಾಳು ಕಾಳಾಗಿ ಮಾಡಿ, ಕಾಳು ಅಂಟ್ಕೊಂಡಿರ್ಲಿ ಅಂತ ಮಧ್ಯೆ ಬಾಂಡ್ ಹಾಕಿ, ಲೋಡ್ ಏರಿಸಿ, ಮುರಿದ ಬಾಂಡ್ ಎಣಿಸಿ "ಇದೇ ಅಕೌಸ್ಟಿಕ್ ಎಮಿಷನ್, ಬಿರುಕಿನ ಸದ್ದು" ಅಂತಾರೆ. ಗ್ರಾಫ್ ಚೆನ್ನಾಗೇ ಬರುತ್ತೆ, ಆದ್ರೆ ಅದ್ರಲ್ಲಿ ಸಿಗ್ನಲ್ ಎಲ್ಲಿದೆ? ಬೇಗ ಬ್ಯಾಲೆನ್ಸಿಗೆ ಬರ್ಲಿ ಅಂತ ಡ್ಯಾಂಪಿಂಗ್, ಅಂದ್ರೆ ಅಲುಗಾಟ ತಗ್ಗಿಸೋ ಅಂಶ, 0.7 ಇಟ್ಟಿರ್ತಾರೆ, ಅಲೆ ಹುಟ್ಟಿದಲ್ಲೇ ಸತ್ತೋಗುತ್ತೆ.

ಡ್ಯಾಂಪಿಂಗ್ ಇಳಿಸಿದ್ರೆ ಇನ್ನೊಂದು ತಲೆನೋವು. ಕಾಂಕ್ರೀಟಲ್ಲಿ ಎಲ್ಲಕ್ಕಿಂತ ಮೊದ್ಲು ಬರೋ ಪಿ ಅಲೆ (ಒತ್ತಡದ ಅಲೆ) ಸೆಕೆಂಡಿಗೆ ಸುಮಾರು 4 ಕಿಲೋಮೀಟರ್, 1 ಮೆಗಾಹರ್ಟ್ಸಿಗೆ ಅಲೆಯ ಉದ್ದ 4 ಮಿಲಿಮೀಟರ್, ಒಂದು ಅಲೆಗೆ ಹತ್ತು ಪಾಯಿಂಟ್ ಆದ್ರೂ ಬೇಕು ಅಂದ್ರೆ ಮೆಶ್, ಅಂದ್ರೆ ಲೆಕ್ಕಕ್ಕೆ ಕತ್ತರಿಸೋ ತುಂಡು, 0.4 ಮಿಲಿಮೀಟರ್, 10 ಸೆಂಟಿಮೀಟರ್ ಕ್ಯೂಬಿಗೇ ಒಂದೂವರೆ ಕೋಟಿ ಎಲಿಮೆಂಟ್. ಅಡ್ಡಡ್ಡ ಅಲುಗಿಸೋ ಶಿಯರ್ ಅಲೆ ಇನ್ನೂ ನಿಧಾನ, ಅದಕ್ಕೆ ಇದೂ ಸಾಲಲ್ಲ. ಲೆಕ್ಕದ ಒಂದೊಂದು ಹೆಜ್ಜೆ, ಟೈಮ್ ಸ್ಟೆಪ್ಪು, 0.1 ಮೈಕ್ರೋಸೆಕೆಂಡಿಗಿಂತ ಕಮ್ಮಿ, ಲ್ಯಾಬಲ್ಲಿ ಲೋಡ್ ಏರೋದು ನಿಮಿಷಗಟ್ಟಲೆ, ಪೂರ್ತಿ ಆ ಸ್ಟೆಪ್ಪಲ್ಲೇ ಓಡಿಸೋಕೆ ಹೋದ್ರೆ ಶಿರಸಿ ಮಳೆಗಾಲದ ಕರೆಂಟ್ ನಂಬ್ಕೊಂಡು ಜನ್ಮದಲ್ಲಿ ಮುಗಿಯಲ್ಲ. ಅದಕ್ಕೆ ನಾನು ಲೋಡಿಂಗ್ ಭಾಗ ನಿಧಾನದ ಲೆಕ್ಕದಲ್ಲೇ ಮಾಡಿ, ಬಾಂಡ್ ಮುರಿಯೋ ಹೊತ್ತಿಗೆ ಸರಿಯಾಗಿ ಅಲೆ ಓಡೋದನ್ನೂ ಹಿಡಿಯೋ ಡೈನಾಮಿಕ್ ಲೆಕ್ಕಕ್ಕೆ ಹಾರ್ತೀನಿ, ಅದುಮಿಟ್ಟ ಶಕ್ತಿ ಅಲೆಯಾಗಿ ಮೇಲ್ಮೈ ಮುಟ್ಟೋವರೆಗೂ ಓಡಿಸಿ ಮತ್ತೆ ವಾಪಸ್.

ಅಷ್ಟಾದ್ರೂ ಲ್ಯಾಬಿನ ಸಿಗ್ನಲ್ ಜೊತೆ ಹೊಂದಲ್ಲ, ಯಾಕಂದ್ರೆ ಅಲುಗಾಟವನ್ನ ಕರೆಂಟ್ ಸಿಗ್ನಲ್ ಮಾಡೋ ಪೀಜೋ ಸೆನ್ಸರಿಗೆ ಅದರದ್ದೇ ರಾಗ ಇದೆ. 150 ಕಿಲೋಹರ್ಟ್ಸಿನ ರೆಸೊನೆಂಟ್ ಸೆನ್ಸರ್ ಹಾಕಿದ್ರೆ ಯಾವ ಬಿರುಕು ಬಿಟ್ರೂ ಆಸುಪಾಸು ಅದೇ ಸ್ವರದಲ್ಲಿ ರಿಂಗ್ ಆಗ್ತಾ ಇರುತ್ತೆ, ಮಾಡೆಲಲ್ಲಿ ಸೆನ್ಸರ್ ಕೂಡ ಇರ್ಲೇಬೇಕು.

ಮಾಡೆಲ್ ಸರಿ ಇದೆಯಾ ಅಂತ ಚೆಕ್ ಮಾಡೋಕೆ ಅಗ್ಗದ ದಾರಿ ಅಂದ್ರೆ ಪೆನ್ಸಿಲ್, ಲೆಡ್ ಮುರಿದಾಗಲೂ ಬಿರುಕಿನಂಥದ್ದೇ ಸಣ್ಣ ಅಲೆ ಹೊರಡುತ್ತೆ. 0.5 ಮಿಲಿಮೀಟರ್ ಲೆಡ್ಡನ್ನ ಕಲ್ಲಿನ ಮೇಲೆ ಓರೆಯಾಗಿ ಒತ್ತಿ ಮುರಿಯೋದು, ಲೋಕದಲ್ಲೆಲ್ಲಾ ಇದೇ ಮಾಡ್ತಾರೆ. ಸದ್ಯ ನನ್ನ ಮಾಡೆಲಲ್ಲಿ ಪಿ ಅಲೆ ಸಮಯಕ್ಕೆ ಸರಿಯಾಗಿ ಬರ್ತಿದೆ, ಹಿಂದೆ ಮೇಲ್ಮೈಯಲ್ಲೇ ಬರೋ ರೇಲೀ ಅಲೆ ಮಾತ್ರ ಇರಬೇಕಾದ್ದಕ್ಕಿಂತ ದಪ್ಪ ಕಾಣ್ತಾ ಇದೆ, ಮುಂದಿನ ವಾರ ಅದನ್ನ ನೋಡ್ಬೇಕು.