ಅಪ್ಪನ ಸುಳ್ಳು ‘ಹೂಂ’

20 ಏಪ್ರಿಲ್ 2024, ಶನಿವಾರ

ಅಂತೂ ಇವತ್ತು ಅಪ್ಪನನ್ನು ಜಯನಗರದ ಕಾಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. "ಕಾಲಿಗೂ ಒಬ್ರು ಡಾಕ್ಟ್ರಾ? ನೋವೇ ಇಲ್ಲ ಕಣೋ" ಅಂತ ಎರಡು ತಿಂಗಳು ತಳ್ಳಿದ್ದರು. ಶುಗರ್ ಬಂದು 14 ವರ್ಷ ಆಯ್ತು. ಅದಕ್ಕೂ ಮೊದಲು ಬಸ್ಸಲ್ಲಿ ಕಂಡಕ್ಟರ್ ಆಗಿ ದಿನವಿಡೀ ನಿಂತ ಕಾಲು ಅದು.

ಡಾಕ್ಟರಮ್ಮ ಮೊದಲು ಅಪ್ಪನ ಹವಾಯಿ ಚಪ್ಪಲಿ ಎತ್ತಿಕೊಂಡು ಒಳಗೆಲ್ಲ ಬೆರಳಾಡಿಸಿದರು. ನನಗೇ ಮುಜುಗರ. ಹೆಬ್ಬೆರಳ ಬುಡ ಕೂರುವ ಜಾಗ ಸವೆದು ಗುಂಡಿ ಬಿದ್ದಿತ್ತು. ಆಮೇಲೆ ಅಪ್ಪನಿಗೆ ಕಣ್ಣು ಮುಚ್ಚಲು ಹೇಳಿ, ಒಂದು ನೈಲಾನ್ ಎಳೆ ತಗೊಂಡು ಪಾದದ ಅಲ್ಲಲ್ಲಿ ಒತ್ತಿದರು. 10 ಗ್ರಾಂ ಭಾರ ಬಿದ್ದರೆ ಅದು ಬಾಗುತ್ತದಂತೆ, ಅಷ್ಟಾದರೂ ಕಾಲಿಗೆ ಗೊತ್ತಾಗಬೇಕು. "ಗೊತ್ತಾಯ್ತಾ?" "ಹೂಂ." "ಈಗ?" "ಹೂಂ." ನನಗೂ ಖುಷಿ. ಆಮೇಲೆ ಅವರು ಎಳೆಯನ್ನು ಗಾಳಿಯಲ್ಲೇ ಹಿಡಿದು, ಮುಟ್ಟದೆ, "ಈಗ?" ಅಂದರು. ಅಪ್ಪ ಠೀವಿಯಿಂದ "ಹೂಂ!"

ಟಿಕೆಟ್ ಇಲ್ಲದವರನ್ನು ಮುಖ ನೋಡಿಯೇ ಹಿಡಿಯುತ್ತಿದ್ದ ಮನುಷ್ಯ, ಇಲ್ಲಿ ತಾನೇ ಸಿಕ್ಕಿಬಿದ್ದರು!

ನಿಜವಾದ ತಲೆನೋವು ಹೆಬ್ಬೆರಳ ಬುಡದ ಆಣಿ. ನಮ್ಮ ಬೀದಿಯ ಮೆಡಿಕಲ್ ಸ್ಟೋರಿನವನು ಕೊಟ್ಟ ಆಣಿ ಪಟ್ಟಿಯನ್ನು ನಾನೇ ಅಂಟಿಸಿದ್ದೆ. ಅದಕ್ಕೆ ಬೈಸಿಕೊಂಡೆ. ಅದರಲ್ಲಿ ಆಸಿಡ್ ಇರುತ್ತದೆ, ಪಕ್ಕದ ಒಳ್ಳೆ ಚರ್ಮವನ್ನೂ ಸುಡುತ್ತದೆ, ಸುಟ್ಟರೂ ಇವರಿಗೆ ಗೊತ್ತೇ ಆಗಲ್ಲ ಅಲ್ವಾ? ಡಾಕ್ಟರಮ್ಮ ಬ್ಲೇಡ್ ಹಿಡಿದು ಕೆರೆಯತೊಡಗಿದರು. ಒಣಕೊಬ್ಬರಿ ಹೆರೆದ ಹಾಗೆ ತೆಳ್ಳಗಿನ ಹಳದಿ ಪದರಗಳು ಟ್ರೇಗೆ ಬೀಳುತ್ತಿದ್ದವು. ಅಪ್ಪ ಆರಾಮಾಗಿ ಫ್ಯಾನ್ ನೋಡುತ್ತಿದ್ದರು. ನಾನೇ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಕೊನೆಗೆ ಒಳಗೆ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ ಕಂಡಿತು, ಹೆಪ್ಪುಗಟ್ಟಿದ ರಕ್ತ. ಗಟ್ಟಿಯಾದ ಚರ್ಮವೇ ಕಲ್ಲಿನ ಹಾಗೆ ಒಳಗೆ ಒತ್ತುತ್ತಿತ್ತಂತೆ. ಇನ್ನೂ ಹುಣ್ಣಾಗಿ ಬಾಯಿ ಬಿಟ್ಟಿಲ್ಲ, ಸದ್ಯ. ರಕ್ತ ಓಡಾಟವೂ ಚೆನ್ನಾಗಿದೆ ಅಂದರು.

ಹವಾಯಿ ಬೇಡ, ಕಾಲಿಂದ ಜಾರಿಹೋದರೂ ತಿಳಿಯಲ್ಲ, ಹಿಂದೆ ಪಟ್ಟಿ ಇರುವ, ಮೆತ್ತನೆ ರಬ್ಬರಿನ ಎಂಸಿಆರ್ ಚಪ್ಪಲಿ ತಗೊಳ್ಳಿ ಅಂದರು. ಈ ಬಿಸಿಲಲ್ಲಿ ದೇವಸ್ಥಾನದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಬೇಡಿ, ಸಾಕ್ಸ್ ಆದರೂ ಹಾಕಿಕೊಳ್ಳಿ ಅಂದಿದ್ದಕ್ಕೆ ಮಾತ್ರ ಅಪ್ಪ ಮುಖ ಸಿಂಡರಿಸಿದರು.

ಚಪ್ಪಲಿಯವನು ಪೇಪರ್ ಮೇಲೆ ಕಾಲಿಡಿಸಿ ಪೆನ್ನಲ್ಲಿ ಸುತ್ತ ಗೆರೆ ಎಳೆದ. "ಸಾರ್, ಬಿಗಿ ಅನ್ಸಿದ್ರೆ ಹೇಳಿ."

ಅಪ್ಪ ನನ್ನ ಕಡೆ ನೋಡಿ, "ಇವನನ್ನ ಕೇಳಪ್ಪ" ಅಂದರು.