ಇಲ್ಲಿ ಬಿದ್ದ ನೀರು ಎಲ್ಲಿಗೆ ಹೋಗ್ತದೆ?

"ಸಾರ್, ಇಲ್ಲಿ ಬಿದ್ದ ನೀರು ಎಲ್ಲಿಗೆ ಹೋಗ್ತದೆ?"

ಭಾನುವಾರದ ಸಭೆಯಲ್ಲಿ ಮೇಸ್ತ್ರಿ ಕೇಳಿದ್ದು ಇಷ್ಟೇ. ಪರದೆಯ ಮೇಲಿದ್ದ ಕಟ್ಟಡದ ನಕ್ಷೆಯ ಹತ್ತಿರ ಹೋಗಿ, ಎರಡು ಮಾಡುಗಳು, ಅಂದರೆ ಛಾವಣಿಗಳು, ಬಾಗಿ ಬಂದು ಒಂದಕ್ಕೊಂದು ತಾಗುವ ಜಾಗಕ್ಕೆ ಬೆರಳಿಟ್ಟು ಕೇಳಿದರು. ಸಣ್ಣ ಸ್ವರದಲ್ಲಿ, ಮರ್ಯಾದೆಯಿಂದಲೇ ಕೇಳಿದರು. ಆರ್ಕಿಟೆಕ್ಟ್ ಹುಡುಗ ನಗುತ್ತಾ, "ಅದೆಲ್ಲ ಆಮೇಲೆ ನೋಡುವ ಮೇಸ್ತ್ರಿಗಳೇ, ಈಗ ಕಾನ್ಸೆಪ್ಟ್ ಮಾತ್ರ ನೋಡಿ" ಎಂದ. ಹಿಂದಿನ ಸಾಲಿನಿಂದ ಯಾರೋ, "ಮೇಸ್ತ್ರಿಗೆ ಯಾವಾಗಲೂ ನೀರಿನದ್ದೇ ಚಿಂತೆ ಮಾರಾಯ್ರೆ" ಎಂದರು. ಸಭೆ ನಕ್ಕಿತು. ಮೇಸ್ತ್ರಿ ವಾಪಸ್ ಬಂದು ಕುರ್ಚಿಯಲ್ಲಿ ಕೂತರು. ಮತ್ತೆ ಬಾಯಿ ಬಿಡಲಿಲ್ಲ.

ಆ ನಗು ನನ್ನ ತಲೆಯಿಂದ ಇನ್ನೂ ಹೋಗಿಲ್ಲ. ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳೆಲ್ಲ ಈ ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿವೆ. ಇನ್ನೇನು ಮಳೆ ಬಂತು. ಉಡುಪಿಯಲ್ಲಿ ಕೂತು ನೀರಿನ ಬಗ್ಗೆ ಕೇಳಿದವರನ್ನು ನೋಡಿ ನಗುವುದಾ?

ನಮ್ಮ ಸಂಘದ ಓದುವ ಕೋಣೆ ಮತ್ತು ಸಭಾಂಗಣಕ್ಕೆ ಮಾಡಿದ ನಕ್ಷೆ ಅದು. ಅದನ್ನು ತೋರಿಸುವ ಮೊದಲು ಹುಡುಗ ಜಗತ್ತಿನ ಕಟ್ಟಡಗಳನ್ನು ಒಂದೊಂದಾಗಿ ತೋರಿಸಿದ. ಸಿಡ್ನಿಯ ಒಪೆರಾ ಹೌಸ್. ಸ್ಪೇನಿನ ಬಿಲ್ಬಾವೊದಲ್ಲಿ ಫ್ರಾಂಕ್ ಗೆಹ್ರಿ ಕಟ್ಟಿದ, ಟೈಟಾನಿಯಂ ಹೊದ್ದ ಗುಗೆನ್‌ಹೈಮ್ ಮ್ಯೂಸಿಯಂ. ಅಜರ್‌ಬೈಜಾನಿನ ಬಾಕುವಿನಲ್ಲಿ ಜಹಾ ಹದೀದ್ ಮಾಡಿದ ಹೈದರ್ ಅಲಿಯೆವ್ ಸೆಂಟರ್. ಚೆನ್ನಾಗಿ ವಿವರಿಸಿದ. ನನಗೂ ಇಂಥ ಕಟ್ಟಡಗಳೆಂದರೆ ಪ್ರೀತಿ, ಕಾಲೇಜಿನ ದಿನಗಳಿಂದ ಅವುಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ. ಬಾಕುವಿನ ಚಿತ್ರ ಬಂದಾಗ ನಮ್ಮ ಅಧ್ಯಕ್ಷರು ಎದ್ದೇ ನಿಂತರು. ಅವರು ದುಬಾಯಿಯಲ್ಲಿ ತುಂಬ ವರ್ಷ ಇದ್ದವರು. 828 ಮೀಟರಿನ ಬುರ್ಜ್ ಖಲೀಫಾ ಏಳುವುದನ್ನು ಕಣ್ಣಾರೆ ನೋಡಿದವರು. ನಮ್ಮೂರಲ್ಲೂ ನೋಡುವಂಥದ್ದೊಂದು ಆಗಲಿ ಎಂಬ ಅವರ ಆಸೆಯಲ್ಲಿ ಕಪಟ ಇಲ್ಲ. ಆದರೆ ದೊಡ್ಡ ಮೊತ್ತ ಕೊಡಲು ಒಪ್ಪಿದ ದಾನಿಯೊಬ್ಬರು, "ರೋಡಲ್ಲಿ ಹೋಗುವವರು ಗಾಡಿ ನಿಲ್ಲಿಸಿ ಸೆಲ್ಫಿ ತೆಗೀಬೇಕು, ಅಷ್ಟಾದ್ರೆ ಸಾಕು" ಎಂದದ್ದು ನನಗೆ ಒಂಚೂರೂ ಹಿಡಿಸಲಿಲ್ಲ. ಪುಸ್ತಕ ಇಡುವ ಕಟ್ಟಡ ಅದು. ಅದಕ್ಕೆ ಬೇಕಾದದ್ದು ಮೊದಲು ಒಣಗಿದ ಗೋಡೆ.

ಬಾಕುವಿನ ಆ ಕಟ್ಟಡ 2012ರದ್ದು. ನೆಲವೇ ಎದ್ದು ಗೋಡೆಯಾಗಿ, ಗೋಡೆ ಬಾಗಿ ಮಾಡಾಗಿ, ಮತ್ತೆ ನೆಲಕ್ಕೆ ಇಳಿಯುತ್ತದೆ. ಮೂಲೆ ಹುಡುಕಿದರೂ ಸಿಗದು. ಅದ್ಭುತ ಕೆಲಸ. ಆದರೆ ಬಾಕು ಒಣ ಊರು. ವರ್ಷವಿಡೀ ಸೇರಿಸಿದರೂ ಅಲ್ಲಿ 300 ಮಿ.ಮೀ. ಮಳೆ ಇಲ್ಲ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿ.ಮೀ.ಗಿಂತ ಜಾಸ್ತಿ. ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನಮ್ಮ ಮಳೆ ಬರೀ ಮೇಲಿಂದ ಬೀಳುವುದಿಲ್ಲ, ಪಡುವಣ ಗಾಳಿಯ ಜೊತೆ ಅಡ್ಡಕ್ಕೆ ಹೊಡೆಯುತ್ತದೆ. ಆಟಿ ತಿಂಗಳಲ್ಲಿ ಗೋಡೆಗೆ ಒಣಗಲು ಪುರುಸೊತ್ತೇ ಇರುವುದಿಲ್ಲ. ಕಡಲ ಗಾಳಿಯ ಉಪ್ಪು ಕಾಂಕ್ರೀಟಿನೊಳಗಿನ ಕಬ್ಬಿಣವನ್ನೂ ತಿನ್ನುತ್ತದೆ. ಇಲ್ಲಿ ಮಾಡನ್ನೇ ಗೋಡೆ ಮಾಡಿ ನೆಲಕ್ಕೆ ಇಳಿಸಿದರೆ, ಗೋಡೆಗೆ ನೆರಳಾಗಿ ಚಾಚುವ ಮಾಡಿನ ಅಂಚು ಎಲ್ಲಿಂದ ಬರಬೇಕು?

ಮಂಗಳೂರಿಗೆ ಬಸ್ಸಲ್ಲಿ ಹೋಗುವಾಗ ಕಿಟಕಿಯಿಂದ ಸುಮ್ನೆ ಮೇಲೆ ನೋಡಿ. ಟೆರೇಸ್ ಮನೆಗಳ ಮೇಲೆ ಕಬ್ಬಿಣದ ಕಂಬ ಎಬ್ಬಿಸಿ ಶೀಟ್ ಹೊದೆಸಿದ್ದು ಕಾಣುತ್ತದೆ. ಮೊದಲು ವಾಟರ್‌ಪ್ರೂಫಿಂಗ್ ಮಾಡಿಸುತ್ತಾರೆ. ಮುಂದಿನ ಮಳೆಗಾಲಕ್ಕೆ ಇನ್ನೊಮ್ಮೆ ಮಾಡಿಸುತ್ತಾರೆ. ಕೊನೆಗೆ ಸಾಕಾಗಿ ಶೀಟ್. ಎದುರಿಗೆ ಲಕ್ಷಗಟ್ಟಲೆ ಸುರಿದ ಎಲಿವೇಶನ್, ತಲೆ ಮೇಲೆ ನೀಲಿ ಶೀಟ್. ಅದರಡಿ ಬಟ್ಟೆ ಒಣಗುತ್ತದೆ, ಮಕ್ಕಳು ಆಡುತ್ತಾರೆ, ಪೂಜೆ ಇದ್ದ ದಿನ ನಾಲ್ಕು ಪಂಕ್ತಿ ಊಟವೂ ಆಗುತ್ತದೆ. ನಮ್ಮ ಜನ ಕಷ್ಟದಿಂದಲೂ ಉಪಯೋಗ ತೆಗೆಯುತ್ತಾರೆ, ಅದು ದೊಡ್ಡ ಗುಣ. ಆದರೆ ಆ ಶೀಟ್ ನಕ್ಷೆಯಲ್ಲಿ ಇರಲಿಲ್ಲ. ಭಾನುವಾರ ಮೇಸ್ತ್ರಿ ಕೇಳಿದ್ದನ್ನು ಅಂದು ಯಾರೂ ಕೇಳಲಿಲ್ಲ, ಅಥವಾ ಕೇಳಿದವರನ್ನು ನೋಡಿ ಎಲ್ಲರೂ ನಕ್ಕರು.

ಜಗತ್ತಿನ ದೊಡ್ಡ ದೊಡ್ಡವರ ಕಟ್ಟಡಗಳಿಗೂ ಇದೇ ಆಗಿದೆ. ಪ್ಯಾರಿಸ್ ಹತ್ತಿರ ಲ ಕಾರ್ಬೂಸಿಯೆ ಕಟ್ಟಿದ ವಿಲಾ ಸವಾ 1931ರಲ್ಲಿ ಮುಗಿಯಿತು. ತೆಳು ಕಂಬಗಳ ಮೇಲೆ ನಿಂತ ಬಿಳಿ ಮನೆ, ಮೇಲೆ ಚಪ್ಪಟೆ ತಾರಸಿ. ಆರ್ಕಿಟೆಕ್ಚರ್ ಕಲಿಯುವವರೆಲ್ಲ ಅದನ್ನು ಓದಿಯೇ ಮುಂದೆ ಹೋಗುತ್ತಾರೆ. ಅದರ ಯಜಮಾನತಿ ಮಾತ್ರ ಹಾಲ್‌ನಲ್ಲಿ ಸೋರುತ್ತದೆ, ರ‍್ಯಾಂಪಿನಲ್ಲಿ ಸೋರುತ್ತದೆ, ಗ್ಯಾರೇಜಿನ ಗೋಡೆ ನೆನೆದಿದೆ ಎಂದು ಕಾರ್ಬೂಸಿಯೆಗೆ ಕಾಗದ ಬರೆಯಬೇಕಾಯಿತು. ಪ್ಯಾರಿಸ್ಸಿನ ಇಡೀ ವರ್ಷದ ಮಳೆ ನಮ್ಮ ಜುಲೈ ಒಂದೇ ತಿಂಗಳಷ್ಟೂ ಇಲ್ಲ. ಅಮೆರಿಕದಲ್ಲಿ ಜಲಪಾತದ ಮೇಲೆಯೇ ಫ್ರಾಂಕ್ ಲಾಯ್ಡ್ ರೈಟ್ ಕಟ್ಟಿದ ಫಾಲಿಂಗ್ ವಾಟರ್ ಮನೆಯನ್ನು ಅದರ ಮಾಲೀಕರು, ಸೋರುವಲ್ಲಿ ಏಳು ಬಾಲ್ದಿ ಇಡಬೇಕಾದ ಕಟ್ಟಡ ಎಂದು ಕರೆದಿದ್ದರಂತೆ. ಇನ್ನು ಗೆಹ್ರಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಅವರು ಮಾಡಿದ ಸ್ಟಾಟಾ ಸೆಂಟರ್ 2004ರಲ್ಲಿ ತೆರೆಯಿತು. 2007ರಲ್ಲಿ ಎಂಐಟಿ ಅವರ ಕಂಪೆನಿಯ ಮೇಲೂ ಕಟ್ಟಿದ ಕಂಪೆನಿಯ ಮೇಲೂ ಕೋರ್ಟಿಗೆ ಹೋಯಿತು. ಸೋರಿಕೆ, ಬಿರುಕು, ಬೂಸಲು ಎಂದು ದೂರು. 2010ರಲ್ಲಿ ರಾಜಿಯಾಯಿತು.

ನೀರು ಮಾತ್ರ ಅಲ್ಲ, ಬಿಸಿಲಿನದ್ದೂ ಅದೇ ಕತೆ. ಲಂಡನ್ನಿನಲ್ಲಿ ಒಳಕ್ಕೆ ಬಾಗಿದ ಗಾಜಿನ ಗೋಡೆಯ ಗಗನಚುಂಬಿಯೊಂದು 2013ರಲ್ಲಿ ಬಿಸಿಲನ್ನು ಒಂದೇ ಕಡೆ ಸೇರಿಸಿ, ಕೆಳಗೆ ನಿಲ್ಲಿಸಿದ್ದ ಜಾಗ್ವಾರ್ ಕಾರಿನ ಭಾಗಗಳನ್ನು ಕರಗಿಸಿತು. ಆಮೇಲೆ ಹೊರಗಿನಿಂದ ಬಿಸಿಲು ತಡೆಯುವ ಪಟ್ಟಿಗಳನ್ನು ಕೂರಿಸಿದರು. ಅಲ್ಲಿಯವರ ಶೀಟ್ ಅದು.

ಹೀಗೆಂದು ಫೋನಿನಲ್ಲಿ ಹೇಳಿದ್ದಕ್ಕೆ ನನ್ನ ತಮ್ಮ ಜಗಳಕ್ಕೇ ಬಂದ. "ಹಾಗಾದ್ರೆ ಎಲ್ಲರೂ ಹಂಚಿನ ಮನೆಯಲ್ಲೇ ಇರುವುದಾ? ಹೊಸತು ಯಾರೂ ಮಾಡಬಾರದಾ?" ಅವನು ಬೆಂಗಳೂರಿನಲ್ಲಿದ್ದಾನೆ. ಅವನಿಗೆ ಬೇಗ ಸಿಟ್ಟು ಬರುತ್ತದೆ, ಬೇಗ ಇಳಿಯುತ್ತದೆ. ಅವನ ಪ್ರಶ್ನೆ ನ್ಯಾಯವೇ. ನಾನು ಹೊಸತು ಬೇಡ ಎನ್ನುತ್ತಿಲ್ಲ. ಹೊಸತು ಯಾವಾಗ ನಿಜವಾಗಿ ಹೊಸತಾಗುತ್ತದೆ ಎಂದು ಕೇಳುತ್ತಿದ್ದೇನೆ.

ಹುಡುಗ ಮೊದಲು ತೋರಿಸಿದ ಸಿಡ್ನಿಯನ್ನೇ ತಗೊಳ್ಳಿ. ಡೆನ್ಮಾರ್ಕಿನ ಯೋರ್ನ್ ಉಟ್ಸನ್ 1957ರ ಸ್ಪರ್ಧೆ ಗೆದ್ದಾಗ ಅವರ ಕೈಯಲ್ಲಿದ್ದದ್ದೂ ಕಾನ್ಸೆಪ್ಟೇ. ಆ ಚಿಪ್ಪುಗಳನ್ನು ಕಟ್ಟುವುದು ಹೇಗೆ ಎಂದು ಯಾರಿಗೂ ಗೊತ್ತಿರಲಿಲ್ಲ. ವರ್ಷಗಟ್ಟಲೆ ಒದ್ದಾಡಿದ ಮೇಲೆ, ಎಲ್ಲ ಚಿಪ್ಪುಗಳೂ ಒಂದೇ ಗೋಲದಿಂದ ಕತ್ತರಿಸಿದ ತುಂಡುಗಳಾಗುವಂತೆ ಆಕಾರವನ್ನೇ ಬದಲಿಸಿದರು. ಆಗ ಪಕ್ಕೆಗಳನ್ನು ಅಚ್ಚಿನಲ್ಲಿ ಎರಕ ಹೊಯ್ದು ಮತ್ತೆ ಮತ್ತೆ ಮಾಡಲು ಸಾಧ್ಯವಾಯಿತು. ಮೇಲೆ ಹೊದೆಸಿದ್ದು ಸ್ವೀಡನ್ನಿನಲ್ಲಿ ಸುಟ್ಟು ತಯಾರಿಸಿದ 10 ಲಕ್ಷಕ್ಕೂ ಜಾಸ್ತಿ ಹಂಚುಬಿಲ್ಲೆಗಳು. ನುಣುಪು, ಕಡಿದಾದ ಇಳಿಜಾರು. ಮಳೆ ಬಂದರೆ ಕೊಳೆ ತೊಳೆದುಕೊಂಡು ನೀರು ಕೆಳಗಿಳಿಯುತ್ತದೆ. ಅಂದಾಜು 70 ಲಕ್ಷ ಆಸ್ಟ್ರೇಲಿಯನ್ ಡಾಲರ್ ಇದ್ದದ್ದು 10 ಕೋಟಿ 20 ಲಕ್ಷಕ್ಕೆ ಹೋಯಿತು. ಸರ್ಕಾರದ ಜೊತೆ ಜಗಳವಾಗಿ ಉಟ್ಸನ್ 1966ರಲ್ಲಿ ಬಿಟ್ಟು ಹೋದರು. 1973ರಲ್ಲಿ ತೆರೆದ ತನ್ನ ಕಟ್ಟಡವನ್ನು ನೋಡಲು ಒಮ್ಮೆಯೂ ಹೋಗಲಿಲ್ಲ. ಈ ಭಾಗ ಓದುವಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಆದರೆ ನೋಡಿ, ಇವತ್ತು ನಾವು ಮೆಚ್ಚುವ ಆ ಮಾಡಿನ ಚೆಂದ ಹುಟ್ಟಿದ್ದು ಕಟ್ಟುವುದು ಹೇಗೆ ಎಂಬ ಒದ್ದಾಟದಿಂದಲೇ. ಅದನ್ನು "ಆಮೇಲೆ ನೋಡುವ" ಎಂದು ಬಿಟ್ಟಿದ್ದರೆ ಮೊದಲ ಚಿತ್ರ ಕಾಗದದಲ್ಲೇ ಉಳಿಯುತ್ತಿತ್ತು.

ನಮ್ಮ ಹಾಗೆ ಮಳೆ ತಿನ್ನುವ ಊರುಗಳಲ್ಲೂ ದೊಡ್ಡ ಕೆಲಸ ಆಗಿದೆ. ಶ್ರೀಲಂಕಾದ ಜೆಫ್ರಿ ಬಾವಾ ವಕೀಲಿ ಬಿಟ್ಟು ತಡವಾಗಿ ಈ ಕಸುಬಿಗೆ ಬಂದವರು. ಕೊಲಂಬೊ ಹತ್ತಿರದ ಕೋಟ್ಟೆಯಲ್ಲಿ ಅವರು ಕಟ್ಟಿದ ಪಾರ್ಲಿಮೆಂಟ್ 1982ರಲ್ಲಿ ಶುರುವಾಯಿತು. ಸುತ್ತ ಕೆರೆ, ನಡುವೆ ತಾಮ್ರ ಹೊದೆಸಿದ ದೊಡ್ಡ ಇಳಿಜಾರು ಮಾಡುಗಳು. ದೂರದಿಂದ ನೋಡಿದರೆ ಮಾಡೇ ಕಟ್ಟಡ. ಢಾಕಾದಲ್ಲಿ ಲೂಯಿ ಕಾನ್ ಮಾಡಿದ ಸಂಸತ್ ಭವನ ಬೇರೆಯೇ ದಾರಿ ಹಿಡಿಯಿತು. ಹೊರಗೆ ದಪ್ಪ ಕಾಂಕ್ರೀಟ್ ಗೋಡೆ, ಅದರಲ್ಲಿ ಆಳೆತ್ತರಕ್ಕೂ ಮೀರಿದ ವೃತ್ತ, ತ್ರಿಕೋನಗಳ ತೂತು. ಕೋಣೆಗಳು ಅದರ ಹಿಂದೆ ಒಳಸರಿದಿವೆ. ಬಿಸಿಲೂ ಎರಚಲೂ ಮೊದಲು ಹೊರಗಿನ ಗೋಡೆಗೇ ತಾಗಬೇಕು. ಐದೈದು ಅಡಿಗೆ ಕಾಂಕ್ರೀಟ್ ಹಾಕಿ ನಿಲ್ಲಿಸಿದಲ್ಲೆಲ್ಲ ಬಿಳಿ ಅಮೃತಶಿಲೆಯ ಪಟ್ಟಿ ಕೂರಿಸಿದ್ದಾರೆ. ಕೈಯಲ್ಲಿ ಕೆಲಸ ಮಾಡುವವರ ನಿತ್ಯದ ಲೆಕ್ಕವೇ ಅಲಂಕಾರವಾಯಿತು. ಅದು ಮುಗಿಯುವ ಮೊದಲೇ, 1974ರಲ್ಲಿ, ಕಾನ್ ತೀರಿಕೊಂಡರು.

ಅಷ್ಟು ದೂರ ಯಾಕೆ? ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದ್ದು. ಘಟ್ಟದ ಮೇಲಿನ ಶಿಲಾ ದೇವಸ್ಥಾನಗಳ ಹಾಗೆ ಗೋಪುರ ಏರಿಸದೆ, ಇಳಿಜಾರು ಮಾಡುಗಳನ್ನು ಅಂತಸ್ತು ಅಂತಸ್ತಾಗಿ ಇಟ್ಟರು. ಕಟ್ಟಿದವರಿಗೆ ಈ ಮಳೆ ಗೊತ್ತಿತ್ತು. 1865ರಲ್ಲಿ ಬಾಸೆಲ್ ಮಿಶನ್ ಎಂಬ ವಿದೇಶಿ ಮಿಶನರಿ ಸಂಸ್ಥೆಯವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದಾಗ ಆ ಬಗೆಯ ಹಂಚು ನಮಗೆ ಹೊಸ ಸರಕು. ಮುಳಿಹುಲ್ಲಿನ ಮಾಡಿದ್ದವರು ಅದನ್ನು ಒಪ್ಪಿಕೊಂಡದ್ದು ವಿದೇಶದ್ದು ಎಂಬ ಮೋಹಕ್ಕಲ್ಲ, ಒಂದು ಹಂಚು ಇನ್ನೊಂದಕ್ಕೆ ಕೂತು ನೀರಿಗೆ ಕೆಳಗಿನ ದಾರಿ ತೋರಿಸುತ್ತದೆ ಎಂಬ ಕಾರಣಕ್ಕೆ. ಅದೇ ಹಂಚನ್ನು ಕೇರಳದಲ್ಲಿ ಲಾರಿ ಬೇಕರ್ ಕಾಂಕ್ರೀಟ್ ಸ್ಲ್ಯಾಬಿನೊಳಗೆ ಇಟ್ಟರು. ಸ್ಲ್ಯಾಬಿನ ಕೆಳಭಾಗದಲ್ಲಿ ಕಾಂಕ್ರೀಟಿಗೆ ಹೆಚ್ಚು ಕೆಲಸ ಇಲ್ಲ, ಅಲ್ಲಿ ಹಳೇ ಹಂಚು ತುಂಬಿದರೆ ಸಿಮೆಂಟ್ ಉಳಿಯುತ್ತದೆ, ಸೆಕೆಯೂ ಕಡಿಮೆ. ಇದಕ್ಕಿಂತ ಆಧುನಿಕ ಯೋಚನೆ ಯಾವುದು ಹೇಳಿ.

ಸೋಮವಾರ ಸಂಜೆ ಮೇಸ್ತ್ರಿಯ ಮನೆಗೆ ಹೋದೆ. "ಬಿಡಿ, ಅವರು ಕಲಿತವರು" ಎಂದರು ಮೊದಲು. ಚಾ ಕುಡಿದ ಮೇಲೆ ನೆಲದ ಮೇಲೆ ಬೆರಳಲ್ಲೇ ಗೆರೆ ಎಳೆದು ತೋರಿಸಿದರು. "ಈ ಎರಡು ಮಾಡು ಸೇರುವಲ್ಲಿ ತಗ್ಗು ಉಂಟಲ್ಲ, ಪಕ್ಕದಲ್ಲೇ ಹಲಸಿನ ಮರ. ಎಲೆ ಬಿದ್ದು ಕಟ್ಟಿಕೊಳ್ತದೆ. ಅಷ್ಟು ನುಣುಪು ಮಾಡು, ಮಳೆಯಲ್ಲಿ ಯಾರು ಹತ್ತಿ ತೆಗೀತಾರೆ? ಮರ ಕಡೀತಾರೆ ಅಷ್ಟೇ." ಮರದ ವಿಷಯ ಸಭೆಯಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ. ನಕ್ಷೆಯ ಚಿತ್ರದಲ್ಲಿ ಆ ಮರವೇ ಇರಲಿಲ್ಲ.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನ ಕೈಯಲ್ಲಿ ಗೆರೆ ಇದೆ, ಒಳಗಿನ ಓದುವ ಕೋಣೆಗೆ ಬೆಳಕು ತಂದ ರೀತಿ ನಿಜಕ್ಕೂ ಚೆಂದ. ಅವನು ಒಂದು ಮಳೆಗಾಲ ಮೇಸ್ತ್ರಿಯ ಜೊತೆ ಸೈಟಿನಲ್ಲಿ ನಿಂತರೆ ಈ ಜಿಲ್ಲೆ ನೆನಪಿಡುವ ಕಟ್ಟಡ ಕಟ್ಟಬಲ್ಲ ಎಂದು ನಾನು ನಂಬುತ್ತೇನೆ. ನಕ್ಕವರ ಮೇಲೆ ಸಿಟ್ಟಿದೆ. ಅವರಲ್ಲಿ ಅರ್ಧದಷ್ಟು ಜನರ ಮನೆಯ ಸೋರಿಕೆ ಸರಿ ಮಾಡಿಕೊಟ್ಟದ್ದು ಇದೇ ಮೇಸ್ತ್ರಿ.

ಸಂಘಕ್ಕೆ ಪತ್ರ ಬರೆದು ಕೊಟ್ಟಿದ್ದೇನೆ. ಬಾಗಿದ ಮಾಡು ಇರಲಿ, ನನ್ನ ವಿರೋಧ ಇಲ್ಲ. ಆದರೆ ಮಾಡನ್ನು ಸೀಳಿ ತೋರಿಸುವ ಸೆಕ್ಷನ್ ಡ್ರಾಯಿಂಗ್ ಬೇಕು, ಅದರಲ್ಲಿ ನೀರಿನ ದಾರಿ ಬಾವಿಯವರೆಗೆ ಕಾಣಬೇಕು. ಎಲೆ ತೆಗೆಯಲು ಹತ್ತುವ ಜಾಗ ಬೇಕು. ಗೋಡೆಯಿಂದ ಆಚೆ ಚಾಚುವ ಮಾಡು ಬೇಕು. ಹಲಸಿನ ಮರ ನಕ್ಷೆಯಲ್ಲಿ ಇರಬೇಕು. ಮುಂದಿನ ಸಭೆಯಲ್ಲಿ ಮೇಸ್ತ್ರಿಗೆ ಮಾತಾಡಲು ಸಮಯ ಕೊಡಬೇಕು. ಅಧ್ಯಕ್ಷರು ಓದಿ, "ಇಷ್ಟೆಲ್ಲ ಈಗಲೇ ಬೇಕಾ ಮಾರಾಯ್ರೆ?" ಎಂದರು. ಬೇಕು ಎಂದೆ. ಕಟ್ಟಡ ಸಮಿತಿಯಲ್ಲಿ ನನ್ನ ಸಹಿಯೂ ಬೇಕಲ್ಲ, ಆ ಡ್ರಾಯಿಂಗ್ ಬರುವವರೆಗೆ ಅದು ಸಿಗುವುದಿಲ್ಲ ಎಂದೂ ಹೇಳಿ ಬಂದಿದ್ದೇನೆ.