ಕತ್ತಲೆಯಲ್ಲೇ ಮುಗಿಯುವ ಕೀರ್ತನೆ

ಶನಿವಾರ ರಾತ್ರಿ ಹನ್ನೊಂದಾಗಿತ್ತು. ಮರುದಿನ ಚರ್ಚಿನಲ್ಲಿ ಹೇಳಬೇಕಾದ ಪ್ರಸಂಗ, ಅಂದರೆ ಉಪದೇಶ, ಬರೆದು ಮುಗಿಸಿದ್ದೆ. ನಮ್ಮ ಸಭೆಯ ಪಾಸ್ಟರ್ ಅಯ್ಯನವರು ಊರಲ್ಲಿ ಇರಲಿಲ್ಲ, ಆರಾಧನೆ ನಡೆಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನಾನು ಆರಿಸಿಕೊಂಡದ್ದು ಸತ್ಯವೇದದ, ಅಂದರೆ ಬೈಬಲಿನ, 88ನೇ ಕೀರ್ತನೆ.

ಅದಕ್ಕೆ ಕಾರಣ ಎರಡನೇ ಬೆಂಚಿನಲ್ಲಿ ಕೂರುವ ಒಬ್ಬ ಅಕ್ಕ. ಮೂರು ತಿಂಗಳ ಹಿಂದೆ ಅವರ ಮಗ ಬೈಕ್ ಅಪಘಾತದಲ್ಲಿ ತೀರಿಕೊಂಡಿದ್ದ. ಅಂದಿನಿಂದ ಅವರು ಹಾಡುತ್ತಿರಲಿಲ್ಲ. ಎಲ್ಲರ ಜೊತೆ ಎದ್ದು ನಿಲ್ಲುತ್ತಿದ್ದರು, ಪುಸ್ತಕ ಹಿಡಿಯುತ್ತಿದ್ದರು, ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಅವರಿಗೆ ಹಾಡಲು ಬರುವಂಥದ್ದು ಸತ್ಯವೇದದಲ್ಲಿ ಏನಿದೆ ಅಂತ ಹುಡುಕುತ್ತಾ ಈ ಕೀರ್ತನೆಗೆ ಬಂದಿದ್ದೆ.

150 ಕೀರ್ತನೆಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಅಳುವ ಹಾಡುಗಳೇ. ನಾವು ಭಾನುವಾರ ಹಾಡುವುದರಲ್ಲಿ ಅಳುವುದು ಎಷ್ಟಿದೆ? ತೀರಾ ಕಡಿಮೆ. ಇದು ನನಗೆ ಬಹಳ ದಿನದಿಂದ ಇರುವ ನೋವು. ಅತ್ತರೆ ವಿಶ್ವಾಸ ಕಡಿಮೆ ಅಂತ ಯಾರು ಹೇಳಿಕೊಟ್ಟರೋ ಗೊತ್ತಿಲ್ಲ.

ಅಳುವ ಕೀರ್ತನೆಗಳಲ್ಲೂ ಹೆಚ್ಚಿನವು ಕೊನೆಗೆ ತಿರುಗುತ್ತವೆ. 13ನೆಯದನ್ನೇ ನೋಡಿ. ‘ಎಷ್ಟರವರೆಗೆ’ ಅಂತ ನಾಲ್ಕು ಸಲ ಕೇಳಿ, ಆರನೇ ವಚನದ ಹೊತ್ತಿಗೆ ಹಾಡುತ್ತೇನೆ ಅನ್ನುತ್ತದೆ. 88 ತಿರುಗುವುದಿಲ್ಲ. ಅದನ್ನು ನಾನೇ ತಿರುಗಿಸಿದ್ದೆ. ನನ್ನ ಪ್ರಸಂಗದ ಕೊನೆಯ ಪುಟದಲ್ಲಿ ಯೇಸು ಎದ್ದುಹೋದ ಖಾಲಿ ಸಮಾಧಿ ಇತ್ತು, ಬೆಳಗಿನ ಬೆಳಕು ಇತ್ತು.

ಕೀರ್ತನೆಗಳ ಮೂಲ ಭಾಷೆ ಹೀಬ್ರೂ. ಅದನ್ನು ನನಗೆ ಕಲಿಸುತ್ತಿದ್ದವರು ನಿವೃತ್ತರಾದ ಇನ್ನೊಬ್ಬ ಅಯ್ಯನವರು. ಅವರಿಗೆ ರಾತ್ರಿ ನಿದ್ದೆ ಕಡಿಮೆ. ಫೋನ್ ಮಾಡಿ ಪೂರ್ತಿ ಓದಿ ಹೇಳಿದೆ. ಕೇಳಿ ಸುಮ್ಮನಿದ್ದರು. ಆಮೇಲೆ, ‘ಈ ಕೀರ್ತನೆಯ ಕಡೇ ಶಬ್ದ ಯಾವುದು ತಂಗಿ?’ ಅಂದರು.

‘ಮಹ್ಶಾಖ್. ಕತ್ತಲೆ.’

‘ನಿನ್ನ ಪ್ರಸಂಗದ ಕಡೇ ಶಬ್ದ ಯಾವುದು?’

ನಾನು ಉತ್ತರ ಕೊಡಲಿಲ್ಲ. ‘ಆಂಗ್ಲಿಕನ್ ಪ್ರಾರ್ಥನಾ ಪುಸ್ತಕದಲ್ಲಿ ಇದನ್ನ ಶುಭಶುಕ್ರವಾರ ಸಂಜೆಗೆ ಇಟ್ಟಾರ. ಯೇಸು ಸತ್ತ ಆ ಸಂಜೆ ಶಿಷ್ಯರಿಗೆ ಈಸ್ಟರ್ ಗೊತ್ತಿತ್ತೇನು?’ ಅಂತ ಕೇಳಿ, ಪ್ರಾರ್ಥನೆ ಮಾಡಿ ಫೋನ್ ಇಟ್ಟರು.

ಮತ್ತೆ ಹೀಬ್ರೂ ಪಾಠ ಬಿಚ್ಚಿ ಕೂತೆ. ಇದೇ ಕೀರ್ತನೆಯಲ್ಲಿ ಕೂಗುವುದಕ್ಕೆ ಮೂರು ಬೇರೆ ಬೇರೆ ಪದಗಳಿವೆ. ಮೊದಲ ವಚನದಲ್ಲಿ ತ್ಸಾಅಕ್, ನೋವಿನ ಚೀರಾಟ. ಒಂಬತ್ತರಲ್ಲಿ ಕಾರಾ, ಹೆಸರು ಹಿಡಿದು ಕರೆಯುವುದು. (ನಮ್ಮ ‘ಕರೆ’ಗೂ ಅದಕ್ಕೂ ನಂಟಿಲ್ಲ, ಆದರೂ ಆ ಪದ ನನಗೆ ಒಂದೇ ದಿನಕ್ಕೆ ಬಾಯಿಗೆ ಬಂತು.) ಹದಿಮೂರರಲ್ಲಿ ಶಿವ್ವಾ, ಕಾಪಾಡು ಅನ್ನುವ ಮೊರೆ. ಈ ಕವಿ ಹಗಲು ಕೂಗಿದ, ರಾತ್ರಿ ಕೂಗಿದ, ಬೆಳಗಾದ ಮೇಲೂ ಕೂಗಿದ. ಮೂರು ಸಲವೂ ಉತ್ತರ ಇಲ್ಲ. ಈ ಹಾಡಿನಲ್ಲಿ ಬೆಳಗು ಈಗಾಗಲೇ ಬಂದು ಹೋಗಿದೆ! ನಾನು ಕೊನೆಯಲ್ಲಿ ತಂದು ಅಂಟಿಸಿದ ಬೆಳಗಿಗೆ ಅಲ್ಲಿ ಜಾಗವೇ ಇರಲಿಲ್ಲ.

ಹೀಬ್ರೂ ಕವಿತೆಯಲ್ಲಿ ಸಾಲುಗಳು ಜೋಡಿಯಾಗಿ ಬರುತ್ತವೆ. ರಾಬರ್ಟ್ ಲೌತ್ ಅನ್ನುವವರು ಆಕ್ಸ್‌ಫರ್ಡ್‌ನಲ್ಲಿ ಕೊಟ್ಟ ಉಪನ್ಯಾಸಗಳು 1753ರಲ್ಲಿ ಅಚ್ಚಾದ ಮೇಲೆ ಇದು ಎಲ್ಲರ ಪಾಠವಾಯಿತು. ನಾನು ಅದನ್ನು ಅರ್ಧ ಕಲಿತಿದ್ದೆ. ಎರಡನೇ ಸಾಲು ಮೊದಲನೆಯದನ್ನೇ ಇನ್ನೊಂದು ಮಾತಿನಲ್ಲಿ ಹೇಳುತ್ತದೆ ಅಂದುಕೊಂಡು ಎಷ್ಟೋ ಪ್ರಸಂಗಗಳಲ್ಲಿ ಅದನ್ನು ಹಾರಿಸಿಬಿಟ್ಟಿದ್ದೆ.

ಆ ರಾತ್ರಿ 10ರಿಂದ 12ನೇ ವಚನ ಓದುವಾಗ ನೆನಪಾದದ್ದು ನಮ್ಮಜ್ಜಿ. ನಮ್ಮ ಧಾರವಾಡದ ಕಡೆ ಹೆಣ್ಣುಮಕ್ಕಳು ಹಾಡ್ಯಾಡಿ ಅಳುತ್ತಾರೆ. ಅಜ್ಜ ತೀರಿಕೊಂಡ ದಿನ ಅಜ್ಜಿ ಅತ್ತದ್ದು ಹೀಗೆ: ‘ಹೊಲಕ್ಕ ಯಾರು ಹೋಗಬೇಕೋ, ಎತ್ತಿನ ಕಣ್ಣಿ ಯಾರು ಬಿಚ್ಚಬೇಕೋ, ಹೊಸ್ತಿಲದಾಗ ನಿಂತು ನೀರು ಯಾರು ಕೇಳಬೇಕೋ.’ ಮೂರೂ ಒಂದೇ ಮಾತು ಅಂತ ಯಾರಾದರೂ ಹೇಳಬಹುದೇ? ಹೊಲದಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಹೊಸ್ತಿಲಿಗೆ, ದುಃಖ ಮನೆಯೊಳಗೇ ನಡೆದು ಬರುತ್ತಿತ್ತು.

ಕೀರ್ತನೆಯಲ್ಲಿ ಅದು ದೂರ ಹೋಗುತ್ತದೆ. ಸತ್ತವರಿಗೆ ಅದ್ಭುತ ಮಾಡುವೆಯಾ, ಸಮಾಧಿಯಲ್ಲಿ ನಿನ್ನ ಪ್ರೀತಿಯನ್ನು ಸಾರುವರೇ ಅಂತ ಕವಿ ದೇವರನ್ನು ಕೇಳುತ್ತಾ ಹೋಗುತ್ತಾನೆ. ಸತ್ತವರು, ಸಮಾಧಿ, ಅಬದ್ದೋನ್ ಎಂಬ ನಾಶದ ಲೋಕ, ಕತ್ತಲೆ, ಕೊನೆಗೆ ಮರವೆಯ ನಾಡು. ಸಾವಿಗಿಂತ ಆಚೆಯ ಹೆದರಿಕೆ ಅದು, ಎಲ್ಲರೂ ಮರೆತುಬಿಡುವುದು. ಜೋಡಿಯ ಇನ್ನೊಂದು ತುದಿಯಲ್ಲಿ ನೋಡಿ: ನಿನ್ನ ಅದ್ಭುತ, ನಿನ್ನ ಪ್ರೀತಿ, ನಿನ್ನ ನಂಬಿಗಸ್ತಿಕೆ, ನಿನ್ನ ನೀತಿ. ಜಗಳ ಆಡುತ್ತಲೇ ದೇವರ ಗುಣಗಳನ್ನು ಒಂದೊಂದಾಗಿ ಎಣಿಸುತ್ತಿದ್ದಾನೆ. ಅಷ್ಟು ಗೊತ್ತಿದ್ದರಿಂದಲೇ ಅಷ್ಟು ಅಳು.

ಕೊನೆಯ ಪುಟ ತೆಗೆದುಬಿಟ್ಟೆ. ಪುನರುತ್ಥಾನವನ್ನು ನಾನು ಪೂರ್ತಿ ಮನಸ್ಸಿನಿಂದ ನಂಬುತ್ತೇನೆ. ಆದರೆ ಈ ಕೀರ್ತನೆಯ ತಲೆಬರಹದಲ್ಲಿ ಕವಿ ಹೇಮಾನನ ಹೆಸರಿದೆ, ಅವನ ಬಾಯಿಂದ ಅವನು ಹೇಳದ ಮಾತನ್ನು ಹೇಳಿಸುವ ಹಕ್ಕು ನನಗಿಲ್ಲ.

ಬೆಳಿಗ್ಗೆ ಆ ಮೂರು ಪದಗಳನ್ನೂ ಸಭೆಯಲ್ಲಿ ಹೀಬ್ರೂವಿನಲ್ಲೇ ಹೇಳಿದೆ. ಅಜ್ಜಿಯ ಅಳುವನ್ನೂ ಹೇಳಿದೆ. ಕೊನೆಯ ವಚನಕ್ಕೆ ಬಂದಾಗ ಸ್ವರ ನಡುಗಿತು. ಹೀಬ್ರೂವಿನಲ್ಲಿ ಅದರ ಕಡೇ ತುಂಡಿಗೆ ಕ್ರಿಯಾಪದವೇ ಇಲ್ಲ. ‘ನನ್ನ ಪರಿಚಿತರು, ಕತ್ತಲೆ.’ ಅಷ್ಟೇ. ಓದಿ ಕೂತೆ. ಹಾಡು ಇಟ್ಟಿರಲಿಲ್ಲ. ಎರಡು ನಿಮಿಷ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಆಮೇಲೆ ಎಲ್ಲರೂ ಕರ್ತನ ಪ್ರಾರ್ಥನೆ ಹೇಳಿದೆವು.

ಬಾಗಿಲಲ್ಲಿ ಒಬ್ಬ ಹಿರಿಯರು, ‘ಸಮಾಧಾನದ ಮಾತು ಒಂದಾದರೂ ಬೇಕಿತ್ತಮ್ಮ’ ಅಂದರು. ಅವರ ಮಾತನ್ನು ತಳ್ಳಿಹಾಕಲಾರೆ. ಇನ್ನೂ ಯೋಚಿಸುತ್ತಿದ್ದೇನೆ.

ಆ ಅಕ್ಕ ಮಾತ್ರ ಬೆಂಚಿನಿಂದ ಎದ್ದಿರಲಿಲ್ಲ. ಹತ್ತಿರ ಹೋದೆ. ಮಡಿಲಲ್ಲಿ ಸತ್ಯವೇದ ತೆರೆದಿತ್ತು.

‘ಎಷ್ಟನೇದು ಅಂದ್ರಿ ತಂಗಿ?’

‘ಎಂಬತ್ತೆಂಟು, ಅಕ್ಕಾ.’

ಪುಟ ತಿರುವಿ ಬೆರಳಿಟ್ಟು ಹುಡುಕಿದರು. ಸಿಕ್ಕಿದ ಮೇಲೆ, ಸ್ವಲ್ಪ ಗಟ್ಟಿಯಾಗಿಯೇ, ಮೊದಲ ವಚನದಿಂದ ಓದಲು ಶುರು ಮಾಡಿದರು.